ಮುಧೋಳ ನಾಯಿ: ಮರಿ ಮಾಡಿಸುವ ಮುನ್ನ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳ ತೋಟದ ಮನೆಗಳ ಮುಂದೆ ಒಂದು ಬಗೆಯ ನಾಯಿಯನ್ನು ನೀವು ನೋಡಿಯೇ ಇರುತ್ತೀರಿ. ಉದ್ದ ಮೋರೆ, ಸಪೂರ ಮೈ, ಆಳವಾದ ಎದೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ನೀಳ ಕಾಲು. ಹೊಸಬರು ಬಂದರೆ ಬಾಲ ಅಲ್ಲಾಡಿಸಿಕೊಂಡು ಮೈಮೇಲೆ ಬರುವುದಿಲ್ಲ. ನಾಲ್ಕು ಮಾರು ದೂರ ನಿಂತು ಅಳೆದು ನೋಡುತ್ತದೆ. ನಮ್ಮ ಹಳ್ಳಿಗಳಲ್ಲಿ ಬೇಟೆ ನಾಯಿ ಎಂದರೆ ಇದೇ. ಗಡಿಯಾಚೆ ಮಿರಜ, ಕೊಲ್ಲಾಪುರದ ಕಡೆಯವರು ಕಾರವಾನ್ ಎನ್ನುತ್ತಾರೆ. ದೇಶಕ್ಕೆಲ್ಲ ಗೊತ್ತಿರುವುದು ಮುಧೋಳ ನಾಯಿ ಎಂದು.

ಈ ತಳಿಯನ್ನು ಸಾಕಿ, ಮರಿ ಮಾಡಿಸಬೇಕೆಂಬ ಆಸೆ ಹೊತ್ತ ತರುಣರು ಈಗೀಗ ಪಶು ಆಸ್ಪತ್ರೆಗಳಿಗೆ ಹೆಚ್ಚಾಗಿ ಬರುತ್ತಿದ್ದಾರೆ. ಆಸೆ ಒಳ್ಳೆಯದೇ. ಆದರೆ ಮೊದಲ ಸೂಲಿಗೆ ಮುಂಚೆ ಮಾಡಿಕೊಳ್ಳಬೇಕಾದ ತಯಾರಿ ಬಹಳ ದೊಡ್ಡದು. ಪಶುವೈದ್ಯನಾಗಿ ನಾನು ಇಂದು ಆ ತಯಾರಿಯ ಬಗ್ಗೆ ಮಾತಾಡಬೇಕೆಂದಿದ್ದೇನೆ.

ಮೊದಲು ಈ ನಾಯಿಯ ಹಿನ್ನೆಲೆ ತಿಳಿದಿರಲಿ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು, 1884ರಿಂದ 1937ರವರೆಗೆ ಬದುಕಿದ್ದವರು, ತಮ್ಮ ಸೀಮೆಯ ಬೇಟೆಗಾರ ಜನರ ಬಳಿ ಇದ್ದ ಈ ನಾಯಿಗಳ ಓಟವನ್ನೂ ದಮ್ಮನ್ನೂ ಕಂಡು, ಒಳ್ಳೆಯವನ್ನು ಆರಿಸಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ಮುಧೋಳ ನಾಯಿ ಅದರಲ್ಲೊಂದಾಗಿತ್ತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಸೈನ್ಯವು ಈ ನಾಯಿಗಳನ್ನು ಮೀರತ್‌ನಲ್ಲಿರುವ ತನ್ನ ಪಶುವೈದ್ಯ ದಳದ ಕೇಂದ್ರಕ್ಕೆ ತರಬೇತಿಗೆ ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ‘ಮನದ ಮಾತು’ ಕಾರ್ಯಕ್ರಮದಲ್ಲಿ ಇದರ ಹೆಸರು ಹೇಳಿದರು. ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ತಮಿಳುನಾಡಿನ ರಾಜಪಾಳಯಂ ಮತ್ತು ಚಿಪ್ಪಿಪಾರೈ ಜೊತೆಗೆ ಮುಧೋಳವನ್ನೂ ತಳಿಯೆಂದು ನೋಂದಾಯಿಸಿದೆ.

ಹೆಸರು ಬಂತು, ಹೆಸರಿನ ಹಿಂದೆ ಗಿರಾಕಿಯೂ ಬಂತು. ಗಿರಾಕಿ ಬಂದಲ್ಲಿ ಅವಸರ ಹುಟ್ಟುತ್ತದೆ. ಶರ್ಯತ್ತಿನಲ್ಲಿ ಇನ್ನೂ ಜೋರಾಗಿ ಓಡಲಿ ಎಂದು ಗ್ರೇಹೌಂಡ್ ರಕ್ತ ಬೆರೆಸುವವರು ಇದ್ದಾರೆ. ಒಂದೇ ಮನೆಯ ಅಣ್ಣ ತಂಗಿಯನ್ನು ಕೂಡಿಸಿ ಮರಿ ಮಾಡಿಸುವವರೂ ಇದ್ದಾರೆ. ನೋಡಲು ಮುಧೋಳದಂತಿರುವ ನಾಯಿಗೆ ನಮ್ಮಲ್ಲಿ ಬರವಿಲ್ಲ. ತಾಯಿ ತಂದೆ, ಅಜ್ಜ ಅಜ್ಜಿ, ಮುತ್ತಜ್ಜರ ಹೆಸರು ಬರೆದಿಟ್ಟಿರುವ, ರೋಗರುಜಿನದ ಲೆಕ್ಕ ಇರುವ ನಾಯಿ ಮಾತ್ರ ಅಪರೂಪ. ಈ ತಳಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಆ ಲೆಕ್ಕವನ್ನು ಹುಟ್ಟುಹಾಕುವುದು.

ಒಂದು ಪ್ರಸಂಗ ಹೇಳುತ್ತೇನೆ. ಅಥಣಿ ಕಡೆಯ ತರುಣನೊಬ್ಬ ಹೆಣ್ಣು ನಾಯಿಯನ್ನು ಕರೆದುಕೊಂಡು ಬಂದಿದ್ದ.

“ಸಾಹೇಬ್ರ, ಇದಕ್ಕೊಂದು ಚಲೋ ಗಂಡು ಎಲ್ಲಿ ಸಿಗ್ತೈತ್ರಿ?”

“ವಯಸ್ಸೆಷ್ಟು ತಮ್ಮಾ ಇದಕ?”

“ಹತ್ತು ತಿಂಗಳಾತ್ರಿ. ಮೊದಲ್ನೇ ಸಲ ಬೆದಿಗೆ ಬಂದೈತ್ರಿ.”

“ಇದರ ತಾಯಿನ ನೋಡೀಯೇನ?”

“ಇಲ್ರಿ, ಸಂತ್ಯಾಗ ತಂದೇನ್ರಿ.”

ಅವನನ್ನೇ ಪಕ್ಕಕ್ಕೆ ಕರೆದು ನಾಯಿಯ ಮೇಲಿನ ತುಟಿ ಎತ್ತಿಸಿದೆ. ಒಸಡು ಗುಲಾಬಿ ಬಣ್ಣಕ್ಕಿರಬೇಕಿತ್ತು, ಬಿಳಿಚಿಕೊಂಡಿತ್ತು. ಕಿವಿಯ ಒಳಮಡಿಕೆ ಬಿಡಿಸಿದರೆ ಹುರುಳಿ ಕಾಳಿನಷ್ಟು ದಪ್ಪದ ಉಣ್ಣಿಗಳು. ಕಾಲ್ಬೆರಳ ಸಂದಿಯಲ್ಲೂ ಅವೇ. ಮೈ ಮುಟ್ಟಿದರೆ ಜ್ವರ. ಅದಕ್ಕೆ ಬೇಕಾಗಿದ್ದುದು ರಕ್ತಪರೀಕ್ಷೆ, ಉಣ್ಣಿ ಜ್ವರಕ್ಕೆ ಔಷಧ, ಮತ್ತೆ ಒಂದು ವರ್ಷದ ಆರೈಕೆ. “ಈ ಬೆದಿ ಬಿಡು, ಮುಂದಿನದೂ ಬಿಡು. ಅಷ್ಟರಾಗ ಇದರ ತಾಯಿ ತಂದಿ ಯಾವ ಊರಾಗ ಅದಾವ ಅಂತ ಹುಡುಕು” ಎಂದೆ. ಹುಡುಗ ಮುಖ ಸಣ್ಣ ಮಾಡಿಕೊಂಡನಾದರೂ ಮಾತು ಕೇಳಿದ. ಸಂತೆಯಲ್ಲಿ ಮಾರಿದವನನ್ನು ಹಿಡಿದು, ಅವನಿಂದ ತಾಯಿ ನಾಯಿಯಿದ್ದ ಮನೆ ಪತ್ತೆ ಮಾಡಿ, ಅದರ ಫೋಟೊ ತಂದು ತೋರಿಸಿದ. ಆ ಓಡಾಟವೇ ಅವನ ಮೊದಲ ಪಾಠವಾಯಿತು.

ಎತ್ತಿನ ವಿಷಯದಲ್ಲಿ ನಾವು ಹೀಗೆ ಮೈಮರೆಯುವವರಲ್ಲ. ಖಿಲಾರಿ ಹೋರಿಗರು ಕೊಳ್ಳುವಾಗ ಯಾವ ಆಕಳಿನದು, ಯಾವ ಹೋರಿಯದು ಎಂದು ಕೆದಕಿ ಕೇಳದೆ ಹಗ್ಗ ಹಿಡಿಯುವುದಿಲ್ಲ. ಆ ಜಾಣತನವನ್ನು ನಾಯಿಗೂ ತೋರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಾಗಾದರೆ ತಯಾರಿ ಎಲ್ಲಿಂದ ಶುರು? ಮೊದಲ ವರ್ಷ ಮರಿಯ ಮಾತೇ ಬೇಡ. ಒಂದೇ ಒಂದು ನಾಯಿ ಸಾಕಿ. ಜಮಖಂಡಿ ದಾಟಿ ಮುಧೋಳಕ್ಕೆ ಹೋಗಿ. ತಿಮ್ಮಾಪುರದ ಕೇಂದ್ರ ನೋಡಿ. ತಲೆಮಾರುಗಳಿಂದ ಸಾಕಿಕೊಂಡು ಬಂದ ಮನೆಗಳಲ್ಲಿ ಕುಳಿತು ಹಿರಿಯರ ಮಾತು ಕೇಳಿ. ಹತ್ತಾರು ನಾಯಿ ನೋಡಿದ ಮೇಲೆ ಕಣ್ಣು ಪಳಗುತ್ತದೆ. ಗಂಡು ನಾಯಿ ಭುಜದ ಹತ್ತಿರ ಹೆಚ್ಚುಕಡಿಮೆ 70 ಸೆಂಟಿಮೀಟರ್ ಎತ್ತರ, ಹೆಣ್ಣು ಸ್ವಲ್ಪ ಗಿಡ್ಡ. ಹಿಂದಿನ ಎರಡು ಮೂರು ಪಕ್ಕೆಲುಬು, ಸೊಂಟದ ಎಲುಬಿನ ತುದಿ ಕಾಣುವುದು ಈ ತಳಿಗೆ ಸಹಜ. ಬಡಕಲು ಎಂದು ಮರುಗಿ ತಿನ್ನಿಸಿ ತಿನ್ನಿಸಿ ಕೊಬ್ಬಿಸಿದರೆ ಕೀಲು ಹಾಳು. ಆದರೆ ಬೆನ್ನೆಲುಬಿನ ಗಂಟು ಒಂದೊಂದಾಗಿ ಎಣಿಸಲು ಬಂದರೆ ಅದು ಉಪವಾಸದ ಗುರುತು, ಇಲ್ಲವೇ ಹೊಟ್ಟೆಯಲ್ಲಿ ಜಂತು. ಈ ಎರಡರ ನಡುವಿನ ಅಂತರ ಕೈಗೆ ತಿಳಿಯುವವರೆಗೆ ಜೋಡಿ ಆರಿಸುವ ಮಾತು ಆಡಬಾರದು.

ಸ್ವಭಾವವನ್ನೂ ಅಷ್ಟೇ ನಿಗಾ ಇಟ್ಟು ನೋಡಿ. ಮುಧೋಳ ನಾಯಿ ಹೊಸಬರಿಂದ ದೂರ ನಿಲ್ಲುವುದು ಅದರ ಗುಣ. ಆದರೆ ಪಾತ್ರೆ ಬಿದ್ದ ಸದ್ದಿಗೆ ಮೂಲೆ ಸೇರಿ ನಡುಗುವ, ಮುಟ್ಟಲು ಹೋದರೆ ಹೆದರಿ ಕಚ್ಚುವ ನಾಯಿಯಿಂದ ಮರಿ ತೆಗೆಯಬೇಡಿ. ಅಂಜಿಕೆ ರಕ್ತದಲ್ಲೂ ಇಳಿಯುತ್ತದೆ, ತಾಯಿಯನ್ನು ನೋಡಿಯೂ ಮರಿ ಕಲಿಯುತ್ತದೆ. ಹಲ್ಲು ಒಂದರ ಮೇಲೊಂದು ಸರಿಯಾಗಿ ಕೂಡದ ನಾಯಿ, ವೃಷಣ ಎರಡೂ ಕೆಳಗಿಳಿಯದ ಗಂಡು, ಇವು ಮನೆಯಲ್ಲಿ ಪ್ರೀತಿಯಿಂದ ಬದುಕಲಿ, ವಂಶಕ್ಕೆ ಬೇಡ.

ಇನ್ನು ಬಂಧುತ್ವದ ಲೆಕ್ಕ. ಅಣ್ಣ ತಂಗಿಯನ್ನು ಕೂಡಿಸಿದರೆ, ಮರಿಯ ಯಾವುದೇ ಜೀನ್ ಜೋಡಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ ಶೇಕಡಾ 25. ತಂದೆ ಮಗಳಾದರೂ ಅಷ್ಟೇ. ಅಜ್ಜ ಮೊಮ್ಮಗಳಾದರೆ 12.5. ಅಣ್ಣತಮ್ಮಂದಿರ ಮಕ್ಕಳಾದರೆ 6.25. ಅಡಗಿ ಕುಳಿತ ದೋಷ ಹೊರಬೀಳುವುದು ಹೀಗೆ ಎರಡು ಪ್ರತಿ ಒಂದಾದಾಗ. ಮರಿ ಕಡಿಮೆ ಹುಟ್ಟುತ್ತವೆ, ಹುಟ್ಟಿದವು ಸೊರಗುತ್ತವೆ, ಗಬ್ಬ ನಿಲ್ಲುವುದಿಲ್ಲ. ಶರ್ಯತ್ತು ಗೆದ್ದ ಒಂದೇ ಗಂಡಿನ ಬಳಿಗೆ ಐದು ತಾಲೂಕಿನ ಹೆಣ್ಣುಗಳನ್ನೆಲ್ಲ ಒಯ್ದರೂ ಇದೇ ಗತಿ: ಮೂರನೇ ತಲೆಮಾರಿಗೆ ಎಲ್ಲವೂ ಒಂದೇ ಮನೆಯ ಬಳಗವಾಗಿ, ಹೊಸ ರಕ್ತ ಹುಡುಕಿದರೂ ಸಿಗುವುದಿಲ್ಲ.

ಜಗತ್ತಿನಲ್ಲಿ ಇದಕ್ಕೆ ಕಣ್ಣು ತೆರೆಸುವ ನಿದರ್ಶನ ಒಂದಿದೆ. ಮಧ್ಯ ಆಫ್ರಿಕಾದ ಬಸೆಂಜಿ ಎಂಬ ಬೇಟೆ ನಾಯಿ ಬೆರಳೆಣಿಕೆಯ ನಾಯಿಗಳಿಂದ ಅಮೆರಿಕದಲ್ಲಿ ಬೆಳೆಯಿತು. ಕೆಲವು ದಶಕಗಳಲ್ಲಿ ಮೂತ್ರಪಿಂಡದ ಆನುವಂಶಿಕ ರೋಗವೊಂದು ಅದರೊಳಗೆ ಹಬ್ಬಿತು. 1987 ಮತ್ತು 1988ರಲ್ಲಿ ಅಲ್ಲಿನ ತಳಿ ಪ್ರೇಮಿಗಳು ಮತ್ತೆ ಕಾಂಗೋದ ಹಳ್ಳಿಗಳಿಗೆ ಹೋಗಿ, ಬೇಟೆಗಾರರ ಮನೆಗಳಿಂದ ಹೊಸ ನಾಯಿ ತಂದರು. 1990ರಲ್ಲಿ ಅಮೆರಿಕದ ಕೆನಲ್ ಕ್ಲಬ್ ತನ್ನ ವಂಶಾವಳಿ ಪುಸ್ತಕವನ್ನು ಅವುಗಳಿಗಾಗಿ ತೆರೆಯಿತು. ಅವರು ಸಾಗರ ದಾಟಿ ಹುಡುಕಿಕೊಂಡು ಹೋದ ಐಶ್ವರ್ಯ ನಮಗೆ ಪಕ್ಕದ ಊರಿನಲ್ಲೇ ಇದೆ. ಅಥಣಿಯ ಒಣ ಸೀಮೆಯ ರೈತರ ಬಳಿ, ಕಾಗವಾಡದ ಗಡಿಯಾಚೆಯ ತೋಟಗಳಲ್ಲಿ, ಕುರಿ ಕಾಯುವವರ ಬಳಿ ಕಾಗದಪತ್ರವಿಲ್ಲದ ಒಳ್ಳೆಯ ನಾಯಿಗಳು ಇರುತ್ತವೆ. ಕಣ್ಣಾರೆ ನೋಡಿ, ಫೋಟೊ ತೆಗೆದು, ಸಾಕಿದವರ ಮಾತು ಬರೆದುಕೊಂಡು, ಅವನ್ನೂ ಲೆಕ್ಕಕ್ಕೆ ತರಬೇಕು. ಕಾಗದ ನೋಡುವಾಗ ಒಂದು ಸಂಗತಿ ನೆನಪಿರಲಿ: ಭಾರತದ ಎರಡು ಕೆನಲ್ ಸಂಸ್ಥೆಗಳಲ್ಲಿ ಒಂದು ಈ ತಳಿಯನ್ನು ಕಾರವಾನ್ ಹೌಂಡ್ ಎಂದೂ ಇನ್ನೊಂದು ಮುಧೋಳ ಹೌಂಡ್ ಎಂದೂ ನೋಂದಾಯಿಸುತ್ತದೆ. ಎರಡೂ ಬಗೆಯ ಕಾಗದ ಇರುವ ನಾಯಿಗಳು ಸೋದರಸಂಬಂಧಿಗಳೇ ಆಗಿರಬಹುದು. ಹೆಸರು ಬೇರೆ ಎಂದು ರಕ್ತ ಬೇರೆ ಎಂದುಕೊಳ್ಳಬೇಡಿ.

ಕಾನೂನಿನ ಮಾತಿಗೆ ಬರೋಣ. ನಾಯಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಕೂಡಿಸುವಂತಿಲ್ಲ. 12 ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಎಂಟು ವರ್ಷ ದಾಟಿದ ಮೇಲೆ ಬೇಡವೇ ಬೇಡ. ಕಟ್ಟಿಹಾಕಿ ಬಲವಂತವಾಗಿ ಕೂಡಿಸುವಂತಿಲ್ಲ. ಎಂಟು ವಾರಕ್ಕಿಂತ ಚಿಕ್ಕ ಮರಿ ಮಾರುವಂತಿಲ್ಲ. ನಾಯಿಗೆ ಮೈಕ್ರೋಚಿಪ್ ಹಾಕಿಸಿ ದಾಖಲೆ ಇಡಬೇಕು. ಇವೆಲ್ಲ ತಾಯಿಯ ಮೈಯನ್ನು ಕಾಯುವ ನಿಯಮಗಳು. ಬೆದೆ ಬಂದಾಗಲೆಲ್ಲ ಕೂಡಿಸಿದ ಹೆಣ್ಣು ನಾಲ್ಕೇ ವರ್ಷಕ್ಕೆ ಜೋಲುಬಿದ್ದ ಕೆಚ್ಚಲು, ಉದುರಿದ ಕೂದಲು ಹೊತ್ತು ನಿಲ್ಲುವುದನ್ನು ಕಂಡವರಿಗೆ ಈ ನಿಯಮದ ಬೆಲೆ ಬೇರೆಯವರು ಹೇಳಬೇಕಾಗಿಲ್ಲ.

ಕೂಡಿಸುವ ಮುಂಚೆ ಗಂಡು ಹೆಣ್ಣು ಎರಡನ್ನೂ ವೈದ್ಯರಿಗೆ ತೋರಿಸಿ. ಬೀದಿಯ ನಾಯಿಗಳಿಂದ ಬರುವ, ಜನನಾಂಗದ ಮೇಲೆ ಹೂಕೋಸಿನಂತೆ ಬೆಳೆಯುವ ಗಂಟು ರೋಗವೊಂದಿದೆ. ಕೂಡಿದಾಗ ಒಂದರಿಂದ ಒಂದಕ್ಕೆ ಅಂಟುತ್ತದೆ. ಚುಚ್ಚುಮದ್ದಿನಿಂದ ಗುಣವಾಗುತ್ತದೆ, ಆದರೆ ಬಚ್ಚಿಟ್ಟರೆ ಹರಡುತ್ತದೆ. ಬ್ರುಸೆಲ್ಲಾ ಸೋಂಕಿನ ಪರೀಕ್ಷೆಯೂ ಆಗಲಿ. ಅದು ಬಂದ ಹೆಣ್ಣು ಕಂದು ಹಾಕುತ್ತದೆ. ಇನ್ನೊಂದು ಸಂಗತಿಯನ್ನು ನಿಮ್ಮ ವೈದ್ಯರಿಗೆ ನೆನಪಿಸಿ: ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆ ಬಂದಾಗ ತಳಿ ಯಾವುದೆಂದು ಮೊದಲೇ ಹೇಳುವುದು ಜೀವ ಉಳಿಸುವ ಮಾತು.

ನಮ್ಮ ಐದು ತಾಲೂಕುಗಳಿಗೆ ತಮ್ಮವೇ ಆದ ಅಪಾಯಗಳಿವೆ. ಕೃಷ್ಣೆ, ದೂಧಗಂಗಾ, ವೇದಗಂಗಾ ತೀರದವರು 2005, 2019, 2021ರ ನೆರೆಯನ್ನು ಮರೆತಿಲ್ಲ. ನೀರು ಏರಿದಾಗ ದನಕರು ಎಲ್ಲಿಗೆ ಹೊಡೆಯಬೇಕೆಂದು ಮನೆಯವರಿಗೆ ಗೊತ್ತಿರುತ್ತದೆ. ನಾಯಿ ಸಾಕುವವರು ಅದನ್ನೂ ಮೊದಲೇ ಗೊತ್ತು ಮಾಡಿಡಬೇಕು: ಗುಡ್ಡದ ಮೇಲಿನ ಯಾವ ನಂಟರ ಮನೆ, ಯಾವ ವಾಹನ, ಯಾವ ಪಂಜರ. ಗಬ್ಬದ ನಾಯಿಯನ್ನು ಸರಪಳಿಯಲ್ಲಿ ಬಿಟ್ಟು ಓಡಿದರೆ ಅದಕ್ಕೆ ಈಜುವ ಅವಕಾಶವೂ ಇರುವುದಿಲ್ಲ. ಮಳೆಗಾಲ ಬರುವ ಹೊತ್ತಿಗೆ ಸೂಲು ಬೀಳದಂತೆ ಲೆಕ್ಕ ಹಾಕುವುದು ನದಿ ದಂಡೆಯವರಿಗೆ ಕ್ಷೇಮ. ಕಬ್ಬಿನ ಗದ್ದೆಯಲ್ಲಿ ಇಲಿ ಹೆಚ್ಚು. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರಾ, ಅಂದರೆ ಇಲಿ ಜ್ವರ, ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ನಾಯಿಗೆ ಅದರ ಲಸಿಕೆಯಿದೆ, ತಪ್ಪಿಸಬೇಡಿ. ಗದ್ದೆಗೆ ಇಟ್ಟ ಇಲಿ ಪಾಷಾಣ, ಇಲಿ ತಿಂದ ನಾಯಿಯ ಹೊಟ್ಟೆಗೂ ಹೋಗುತ್ತದೆ. ನಿಪ್ಪಾಣಿ ಸುತ್ತಿನ ತಂಬಾಕಿನ ವಖಾರಿಗಳ ಬಳಿ ಮರಿ ಬಿಡಬೇಡಿ. ಏನು ಕಂಡರೂ ಬಾಯಿಗೆ ಹಾಕುವ ವಯಸ್ಸು ಅದು, ತಂಬಾಕಿನ ಚೂರು ಅದಕ್ಕೆ ವಿಷ.

ಈಗ ಸೂಲಿನ ದಿನ. ಕೂಡಿದ ದಿನದಿಂದ ಸುಮಾರು 63 ದಿನಕ್ಕೆ ನಾಯಿ ಈಯುತ್ತದೆ. ಒಂದು ವಾರ ಮೊದಲೇ ಗದ್ದಲವಿಲ್ಲದ ಮೂಲೆಯಲ್ಲಿ ತಾಯಿ ಕಾಲು ಚಾಚಿ ಮಲಗುವಷ್ಟು ಅಗಲದ ಪೆಟ್ಟಿಗೆ ಇಟ್ಟು ರೂಢಿ ಮಾಡಿಸಿ. ಕೊನೆಯ ದಿನಗಳಲ್ಲಿ ಬೆಳಿಗ್ಗೆ ಸಂಜೆ ಜ್ವರಮಾಪಕದಿಂದ ಮೈ ಬಿಸಿ ನೋಡಿ. 38 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವ ಬಿಸಿ 37ರ ಕೆಳಗಿಳಿದರೆ ಒಂದು ಹಗಲು ರಾತ್ರಿಯೊಳಗೆ ಬೇನೆ ಶುರು. ನಾಯಿ ಹಾಸಿದ ಬಟ್ಟೆ ಕೆದರುತ್ತದೆ, ಏದುಸಿರು ಬಿಡುತ್ತದೆ, ಅನ್ನ ಒಲ್ಲೆನ್ನುತ್ತದೆ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ, ಒಂದು ಮರಿಯಾಗಿ ಎರಡು ಗಂಟೆ ಕಳೆದರೂ ಒಳಗಿನದು ಬಾರದಿದ್ದರೆ, ಮೊದಲ ಮರಿಗೆ ಮುಂಚೆಯೇ ಹಸಿರು ಸ್ರಾವ ಕಂಡರೆ ತಡಮಾಡಬೇಡಿ. ತಾಲೂಕು ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಮರಿ ಹುಟ್ಟಿದ ಕೂಡಲೇ ಒಂದೊಂದರ ಕೊರಳಿಗೂ ಬೇರೆ ಬೇರೆ ಬಣ್ಣದ ಉಣ್ಣೆಯ ನೂಲು ಸಡಿಲವಾಗಿ ಕಟ್ಟಿ, ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ, ಬರೆಯಿರಿ. ಕೆಂಪು ನೂಲಿನದು ಇಷ್ಟು ಗ್ರಾಂ, ಹಸಿರಿನದು ಇಷ್ಟು. ದಿನವೂ ತೂಗಿ. ಎಂಟು ಹತ್ತು ದಿನಕ್ಕೆ ತೂಕ ಎರಡು ಪಟ್ಟಾಗಬೇಕು. ತೂಕ ಇಳಿದ ಮರಿಯನ್ನು ಕಣ್ಣು ಗುರುತಿಸುವ ಮೊದಲೇ ತಕ್ಕಡಿ ಗುರುತಿಸುತ್ತದೆ. ಮರಿ ಬೆಳೆದಂತೆ ನೂಲು ಬಿಗಿಯುತ್ತದೆ, ಬಿಚ್ಚಿ ಮತ್ತೆ ಕಟ್ಟಿ. ಮೊದಲೆರಡು ವಾರ ಮರಿಗೆ ತನ್ನ ಮೈ ಬಿಸಿ ಕಾಯ್ದುಕೊಳ್ಳಲು ಬಾರದು. ಚಳಿಗಾಲದಲ್ಲಿ ಪೆಟ್ಟಿಗೆಗೆ ಶಾಖ ಬೇಕು. ಗಬ್ಬದಲ್ಲಿ ಕ್ಯಾಲ್ಸಿಯಂ ಟಾನಿಕ್ ಸುರಿಯುವ ರೂಢಿ ಬಿಡಿ. ಹಾಗೆ ಕೊಟ್ಟರೆ ಹಾಲು ಇಳಿದ ಮೇಲೆ ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವ ಶಕ್ತಿ ತಾಯಿಯ ಮೈಗೆ ಕುಂದುತ್ತದೆ. ಮರಿಗೆ ಎರಡು ಮೂರು ವಾರ ತುಂಬುವಾಗ ತಾಯಿ ನಡುಗಿ, ಕಾಲು ಸೆಟೆದು ಬಿದ್ದರೆ ಅದು ಕ್ಯಾಲ್ಸಿಯಂ ಕೊರತೆ. ಗಂಟೆಯೊಳಗೆ ಡಾಕ್ಟರು ಸಿಗಬೇಕು. ಎರಡನೇ ವಾರದಿಂದ ಜಂತಿನ ಔಷಧ, ಆರೆಂಟು ವಾರದಿಂದ ಡಿಸ್ಟೆಂಪರ್ ಮತ್ತು ಪಾರ್ವೊ ಲಸಿಕೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಮೂರನೇ ವಾರದಿಂದ ಮನೆಯ ಮಕ್ಕಳು, ಮುದುಕರು, ಟ್ರ್ಯಾಕ್ಟರ್ ಸದ್ದು, ಕೋಳಿ, ಕುರಿ ಎಲ್ಲವನ್ನೂ ಮರಿ ನೋಡಲಿ. ಈ ದಿನಗಳಲ್ಲಿ ಕಂಡದ್ದಕ್ಕೆ ಅದು ಮುಂದೆ ಹೆದರುವುದಿಲ್ಲ.

ಮರಿ ಕೊಡುವಾಗ ನಿಮ್ಮ ಗಟ್ಟಿತನಕ್ಕೆ ಪರೀಕ್ಷೆ. ಗಿರಾಕಿಯ ಕೈಯಲ್ಲಿ ನೋಟು ಇರುತ್ತದೆ. ನೀವು ಪ್ರಶ್ನೆ ಕೇಳಬೇಕು. ಓಡಲು ಬೇಲಿಯಿರುವ ಜಾಗವಿದೆಯೇ? ಹಗಲೆಲ್ಲ ಕಟ್ಟಿ ಹಾಕುವಿರಾ? ಮನೆಯವರೆಲ್ಲ ಒಪ್ಪಿದ್ದಾರೆಯೇ? ಬೇಟೆಗೆ ಬೇಕೆಂದವರಿಗೆ ಕೊಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮೊಲ, ಚಿಗರಿ ಬೇಟೆ ಅಪರಾಧ. ಈ ನಾಯಿಯ ಕಣ್ಣು, ಓಟ, ಎಚ್ಚರಕ್ಕೆ ಬೇರೆ ಕೆಲಸಗಳು ಬಂದಿವೆ. ತೋಟದ ಕಾವಲಿಗೂ ಮನೆಯ ಒಡನಾಟಕ್ಕೂ ಅದು ಸಾಕಷ್ಟು. ಸಾಕಲು ಆಗದಿದ್ದರೆ ಮರಿಯನ್ನು ಬೀದಿಗೆ ಬಿಡದೆ ನನಗೇ ತಂದುಕೊಡಿ ಎಂದು ಬರೆದು ಸಹಿ ಮಾಡಿಸಿಕೊಳ್ಳಿ, ತಂದಾಗ ಮುಖ ತಿರುಗಿಸದೆ ತೆಗೆದುಕೊಳ್ಳಿ. ಆರು ಮರಿ ಹುಟ್ಟಿ ನಾಲ್ಕಕ್ಕೇ ಮನೆ ಸಿಕ್ಕರೆ ಉಳಿದ ಎರಡಕ್ಕೆ ಅನ್ನ, ಲಸಿಕೆ, ಜಾಗ ಕೊಡುವ ಶಕ್ತಿ ಇದೆಯೇ ಎಂದು ಕೂಡಿಸುವ ಮುಂಚೆಯೇ ಲೆಕ್ಕ ಹಾಕಿ. ಆ ಲೆಕ್ಕ ಕೂಡದಿದ್ದರೆ ಆ ವರ್ಷ ಸೂಲು ಬೇಡ.

ಕೊನೆಯದಾಗಿ ಒಂದು ವಿನಂತಿ. ಚಿಕ್ಕೋಡಿಯಿಂದ ಕಾಗವಾಡದವರೆಗಿನ ಸಾಕುವವರು ಒಟ್ಟಾಗಿ ಒಂದು ವಂಶಾವಳಿ ಪುಸ್ತಕ ಇಡಿ. ನಾಯಿಯ ಹೆಸರು, ಚಿಪ್ ಸಂಖ್ಯೆ, ತಾಯಿ ತಂದೆ, ಹುಟ್ಟಿದ ದಿನ, ಬಂದ ರೋಗ, ಹಾಕಿದ ಮರಿ, ಅವು ಹೋದ ಮನೆ, ಸತ್ತರೆ ಕಾರಣ. ಒಳ್ಳೆಯದನ್ನು ಬರೆದಂತೆ ಕೆಟ್ಟದ್ದನ್ನೂ ಮುಚ್ಚಿಡದೆ ಬರೆಯಿರಿ. ಒಬ್ಬರು ಬಚ್ಚಿಟ್ಟ ರೋಗ ಇನ್ನೊಬ್ಬರ ಅಂಗಳದಲ್ಲಿ ಹುಟ್ಟುತ್ತದೆ. ಮಾಲೋಜಿರಾವ್ ಅವರಿಗೆ ಸಂಸ್ಥಾನದ ಬಲವಿತ್ತು. ನಮಗೆ ಒಂದು ಪುಸ್ತಕ, ಒಂದು ತಕ್ಕಡಿ, ಆಗದು ಎನ್ನುವ ಧೈರ್ಯ ಇದ್ದರೆ ಸಾಕು. ಕೇಳಿಕೊಂಡು ಬಂದವರ ಮುಂದೆ ಮರಿಯ ಮೂರು ತಲೆಮಾರನ್ನು ತೆರೆದು ತೋರಿಸಬಲ್ಲ ಹತ್ತು ಮನೆಗಳು ಈ ಐದು ತಾಲೂಕಿನಲ್ಲಿ ಎದ್ದರೂ ಮುಧೋಳ ತಳಿಯ ಆಯುಷ್ಯ ಗಟ್ಟಿಯಾಗುತ್ತದೆ. ಆ ಹತ್ತರಲ್ಲಿ ನಿಮ್ಮದೂ ಒಂದಾಗಲಿ.